ಎರಡು ಚುಕ್ಕೆ

ನವೆಂಬರ್ ೧೯, ಬುಧವಾರ, ಮೂಡುಬಿದಿರೆ

ಇವತ್ತು ಈ ಬರೆಯುವ ಕೈಯಲ್ಲೇ, ಕಾಲೇಜಿನಲ್ಲಿ ನನ್ನ ಜೊತೆ ಗಣಿತ ಕಲಿಸುವ ಶಾಫಿಗೆ ಹೊಡೆದೆ. ಕರಿಹಲಗೆಯಲ್ಲಿ ವೃತ್ತ ಎಳೆಯುವ ಮರದ ಕೈವಾರ ಎತ್ತಿ, ಮುಖಕ್ಕೇ. ಹುಬ್ಬು ಸೀಳಿತು. ಇನ್ನೊಮ್ಮೆಯೂ ಕೈ ಎತ್ತಿದ್ದೆ. ರಕ್ತ ನೋಡಿ ನಿಂತದ್ದಲ್ಲ, ಕೈವಾರ ಮುರಿದಿತ್ತು.

ಅವನು ಮಾಡಿದ್ದು ಇಷ್ಟೇ. ರಿಂಗು ಎಂಬ ಬೀಜಗಣಿತದ ರಚನೆಗಳ ಸ್ಪೆಕ್ಟ್ರಮ್‌ಗೆ, ಅಂದರೆ ಅವುಗಳಿಂದ ಹುಟ್ಟುವ ಬಿಂದುಗಳ ಗುಂಪಿಗೆ, ಮಾಡೆಲ್ ಥಿಯರಿಯ ತರ್ಕ ಹಚ್ಚಿ ನಾನು ಮೂರು ವರ್ಷ ಬರೆದ ಪ್ರಬಂಧ ಓದಿ, ಹಲಗೆಯಲ್ಲಿ ಎರಡು ಚುಕ್ಕೆ ಇಟ್ಟ.

"ಈ ಸ್ಪೆಕ್ಟ್ರಮ್‌ನಲ್ಲಿ ಎರಡೇ ಬಿಂದು ಉಂಟು ಮಾರಾಯ, ಒಂದು ಮುಚ್ಚಿದ್ದು, ಒಂದು ತೆರೆದದ್ದು. ನಿನ್ನ ಸೂತ್ರ ಮುಚ್ಚಿದ ಬಿಂದುವಿನಲ್ಲಿ ನಿಜ, ಇನ್ನೊಂದರಲ್ಲಿ ಸುಳ್ಳು. ನೀನು ಮುಚ್ಚಿದ ಬಿಂದುಗಳನ್ನು ಮಾತ್ರ ನೋಡಿ ಎಲ್ಲ ಕಡೆ ನಿಜ ಅಂತ ಬರೆದಿದ್ದೀಯ."

ಎಷ್ಟು ಮೆಲ್ಲ ಹೇಳಿದ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಏಳು ಹೊಲಿಗೆ. ಡಾಕ್ಟರರ ಹತ್ತಿರ "ಮೆಟ್ಟಿಲಲ್ಲಿ ಜಾರಿದ್ದು" ಅಂದ. ನನ್ನ ಮುಖ ನೋಡಲಿಲ್ಲ. ತೋಡಾರಿನ ಮನೆಯಿಂದ ಅವನ ಹೆಂಡತಿ ಫರ್ಹಾನ ಓಡಿಬಂದು, "ನೀವು ಹತ್ತಿರ ಇದ್ದದ್ದು ಒಳ್ಳೆದಾಯ್ತು ಮನ್ವಿತಣ್ಣ" ಎಂದು ಅತ್ತರು. ನಾನು ಅವರು ತಂದ ನೀರು ಕುಡಿದೆ.

ಸಿಟ್ಟಿನಲ್ಲಿ ಆಗಿಹೋಯಿತು ಎಂದು ಬರೆಯಲಿಕ್ಕೆ ಕೂತದ್ದು. ಸುಳ್ಳು. ಆ ಎರಡು ಚುಕ್ಕೆಯನ್ನು ಭಾನುವಾರವೇ ಈ ಪುಸ್ತಕದಲ್ಲಿ ನಾನೇ ಇಟ್ಟು ನೋಡಿದ್ದೆ. ತಪ್ಪು ಅವತ್ತೇ ಕಂಡಿತ್ತು. ಪುಟ ಹರಿದು ಒಲೆಗೆ ಹಾಕಿದೆ. ಯಾರಿಗೂ ಗೊತ್ತಿರಲಿಲ್ಲ.

ಆ ಪುಟದ ಹಾಗೆ ಶಾಫಿಯನ್ನು ಹರಿದು ಹಾಕಲಿಕ್ಕೆ ಆಗಲಿಲ್ಲ, ಅದಕ್ಕೆ ಹೊಡೆದೆ.