ಅತ್ತೆಯ ಕಪ್ಪು ಈಳಿಗೆ

ಮುನವಳ್ಳಿ, ೬ ಅಕ್ಟೋಬರ್ ೧೯೦೭, ರವಿವಾರ

ಬದನೆಕಾಯಿ ಹೆಚ್ಚಿದೆ. ಈಳಿಗೆ ಒರೆಸಿದೆ, ಒಣಗಿಸಿದೆ, ಔಡಲೆಣ್ಣೆ ಸವರಿದೆ, ಗೂಟಕ್ಕೆ ಹಾಕಿದೆ. ಹನ್ನೆರಡನೆಯ ದಿನ. ದಿನಾ ಇದನ್ನೇ ಬರೆದರೆ ವಹಿ ತುಂಬಿಹೋದೀತು. ತುಂಬಲಿ, ನನಗೆ ಇದು ಸಣ್ಣ ಮಾತಲ್ಲ.

ಈ ಮನೆಗೆ ಬಂದು ಮೂರು ವರ್ಷ. ರೊಟ್ಟಿ ಬಡಿದಿದ್ದೇನೆ, ಹೊಳೆಯ ನೀರು ಹೊತ್ತಿದ್ದೇನೆ. ಈಳಿಗೆ ಮುಟ್ಟಲು ಮಾತ್ರ ಅಪ್ಪಣೆ ಇರಲಿಲ್ಲ. ಅತ್ತೆ ಮಗಳ ಬಾಣಂತನಕ್ಕೆಂದು ಸಂಪಗಾಂವಿಗೆ ಹೊರಟಾಗ, ಚಕ್ಕಡಿಯಲ್ಲಿ ಕುಳಿತ ಮೇಲೆ ಹೇಳಿದರು— “ಇಂದ್ರವ್ವ, ಒರಸು, ಒಣಗಸು, ಎಣ್ಣಿ ಹಚ್ಚು. ಇಷ್ಟ. ನಾ ಬರೂತನಾ ಒಂದ ಚುಕ್ಕಿ ತುಕ್ಕ ಬರಲಿಲ್ಲಂದ್ರ ಅಡಗಿಮನಿ ನಿಂದು.”

ಅಡುಗೆಮನೆ ನನ್ನದು! ಇವರಿಗೆ ಹೇಳಿದರೆ ನಗು. ಸಾಲಿ ಮಾಸ್ತರರಲ್ಲವೇ, ಅತ್ತೆ ತಿರುಗಿ ಬರುವುದಕ್ಕೆ ‘ಇನ್ಸ್ಪೆಕ್ಷನ್’ ಎಂದು ಹೆಸರಿಟ್ಟಿದ್ದಾರೆ.

ಈಳಿಗೆ ರಾಮದುರ್ಗದ್ದು. ಉಕ್ಕು ಅಪ್ಪಟ. ಆದರೆ ಮೈಯೆಲ್ಲ ಕಪ್ಪು, ಬಾಯಿಯ ಅಂಚು ಮಾತ್ರ ಬಿಳಿ ದಾರದಂತೆ. ನೋಡಿದಾಗಲೆಲ್ಲ ಕೈ ತುರಿಸುತ್ತದೆ. ತವರಿನಲ್ಲಿ ನನ್ನನ್ನು ‘ತಿಕ್ಕವ್ವ’ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

೧೫ ಅಕ್ಟೋಬರ್

ನಾಳೆ ಖಂಡೇಪೂಜೆ. ಕುಡಗೋಲು, ಕೊಡಲಿ, ಈಳಿಗೆ— ಎಲ್ಲ ಇವತ್ತೇ ನವರಾತ್ರಿಯ ಘಟದ ಮುಂದೆ ಇಟ್ಟಾಯಿತು. ಘಟದ ಮಣ್ಣಿನಲ್ಲಿ ಸಸಿ ಗೇಣುದ್ದ ಬಂದಿದೆ, ದಿನಾ ನೀರು ಹಾಕುತ್ತಿದ್ದೇನೆ.

ದೇವಿಯ ಮುಂದೆ ಜಿಡ್ಡುಮೈಯ ಈಳಿಗೆಯೇ? ಸೀಗೆಪುಡಿ ಹಾಕಿ ತೊಳೆದೆ. ಎಣ್ಣೆಯ ಹೆಸರಿಲ್ಲ. ಒದ್ದೆ ವಿಭೂತಿ ಮೂರು ಬೆರಳು ಎಳೆದೆ, ಕುಂಕುಮ ಇಟ್ಟೆ. ದಶಮಿಯ ಸಂಜೆ ಬನ್ನಿ ಮನೆಗೆ ಬರುವವರೆಗೆ ಯಾರೂ ಕದಲಿಸುವ ಹಾಗಿಲ್ಲ. ಅತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದರು.

೧೭ ಅಕ್ಟೋಬರ್, ದಶಮಿ, ಬೆಳಿಗ್ಗೆ

ಈಳಿಗೆಯ ಮೇಲೆ ಕುಂಕುಮ ಹೆಚ್ಚಾದಂತೆ ಕಂಡಿತು. ನಾನು ಇಟ್ಟದ್ದು ಒಂದೇ ಬೊಟ್ಟು. ಬಗ್ಗಿ ನೋಡಿದೆ...

ಕುಂಕುಮ ಅಲ್ಲ. ತುಕ್ಕು. ವಿಭೂತಿ ಎಳೆದಲ್ಲೆಲ್ಲ, ನಿನ್ನೆ ತೆಂಗಿನಕಾಯಿಯ ನೀರು ಸಿಡಿದಲ್ಲೆಲ್ಲ, ಘಟದ ಹಸಿ ಮಣ್ಣು ತಾಗಿದಲ್ಲೆಲ್ಲ.

ಮುಟ್ಟುವ ಹಾಗಿಲ್ಲ. ಇವರು ಬನ್ನಿ ತರುವುದು ಹೊತ್ತು ಇಳಿದ ಮೇಲೆ. ಅಲ್ಲೀತನಕ ಘಟದ ಮುಂದೆ ಕುಳಿತು ತುಕ್ಕು ಬೆಳೆಯುವುದನ್ನು ನೋಡುವುದೇ ಕೆಲಸ. ಪಕ್ಕದ ಮನೆ ಸತ್ಯವ್ವ ಬಂದವಳು ಕೈ ಮುಗಿದಳು— “ಏನ ಭಕ್ತಿವಾ ಇಂದ್ರವ್ವ ನಿಂದು! ಕಣ್ಣೀರ ಹಾಕಾಕ ಹತ್ತೀಯಲ್ಲ.”

ಹೌದೆಂದೆ. ಮತ್ತೇನು ಹೇಳಲಿ.

ಅದೇ ದಿನ, ದೀಪ ಹಚ್ಚಿದ ಮೇಲೆ

ಬನ್ನಿ ಬಂತು. ಬಂಗಾರದಂತೆ ಇರೋಣ ಎಂದು ಇವರು ಎಲೆ ಕೊಟ್ಟರು. ಇಸಿದುಕೊಂಡು ಈಳಿಗೆಯತ್ತ ಓಡಿದೆ. ಬೂದಿ, ತೆಂಗಿನ ಜುಂಜು. ಮೇಲಿನ ಕೆಂಪು ಹೋಯಿತು, ಬೇರು ಹಾಗೇ ಇದೆ. ಹುಣ್ಣಿಮೆಗೆ ಬರುತ್ತೇನೆಂದು ಅತ್ತೆಯ ಪತ್ರ. ನಾಲ್ಕು ದಿನ.

೧೮ ಅಕ್ಟೋಬರ್

ಹುಣಸೆಹಣ್ಣು ನೆನಸಿ ದಪ್ಪಗೆ ಮೆತ್ತಿದೆ. ಅರ್ಧ ತಾಸು ಸಾಕೆಂದುಕೊಂಡೆ. ಅಷ್ಟರಲ್ಲಿ ಓಣಿಯ ಹೆಂಗಸರು ಬನ್ನಿ ಕೊಡಲು ಬಂದರು. ಮಾತು, ಚಹಾ, ಮತ್ತೆ ಮಾತು... ನೆನಪಾದಾಗ ದನ ಮನೆಗೆ ಬರುತ್ತಿದ್ದವು. ತುಕ್ಕು ಕರಗಿತ್ತು, ನಿಜ. ಬದಲಿಗೆ ಮೈಯೆಲ್ಲ ಮಚ್ಚೆ, ಕಳಿತ ಬಾಳೆಹಣ್ಣಿನ ಸಿಪ್ಪೆಯಂತೆ. ಮೂಲೆಯಲ್ಲಿ ಅಷ್ಟಿಷ್ಟು ಕೆಂಪು ಇನ್ನೂ ಇದೆ.

ಅತ್ತುಬಿಟ್ಟೆ. ಈ ಸಲ ಭಕ್ತಿ ಅಲ್ಲ.

೧೯ ಅಕ್ಟೋಬರ್

ಕಂಬಾರ ಮುದಕಪ್ಪನಲ್ಲಿಗೆ ಹೋದೆ, ಸೆರಗಿನಲ್ಲಿ ಈಳಿಗೆ ಮುಚ್ಚಿಕೊಂಡು. ತಿರುಗಿಸಿ ತಿರುಗಿಸಿ ನೋಡಿದ.

“ಹುಣಸಿಹಣ್ಣ ಚಲೋನರಿ ಅಕ್ಕಾರ. ಆದ್ರ ಎಲಿಅಡಕಿ ಕೊಟ್ಟಷ್ಟ ಕೊಡಬೇಕು. ನೀವು ಎಲಿ ಹಾಕಿ ಊಟಾನ ಬಡಿಸೀರಿ.”

ಮದ್ದು ಹೇಳಿದ. ಇಟ್ಟಂಗಿ ಪುಡಿ ಅರಿವೆಯಲ್ಲಿ ಸೋಸಬೇಕು, ಎರಡು ಹನಿ ಎಣ್ಣೆ, ಅರ್ಧ ಹೆಚ್ಚಿದ ಉಳ್ಳಾಗಡ್ಡಿಯಿಂದ ತಿಕ್ಕಬೇಕು. ಬೆನ್ನಿನಿಂದ ಬಾಯಿಯ ಕಡೆಗೆ, ಒಂದೇ ದಿಕ್ಕು. ಹೊರಟಾಗ ಹಿಂದಿನಿಂದ ಕೂಗಿದ— “ಕೆಂಪು ತೆಗೀರಿ, ಕಪ್ಪು ಬಿಡ್ರಿ!”

ಹೂಂ ಎಂದು ಬಂದೆ.

೨೦ ಅಕ್ಟೋಬರ್, ಮಧ್ಯಾಹ್ನ

ಒಲೆ ಮೇಲಿನ ಬೇಳೆ ಬೇಯುವುದರೊಳಗೆ ಕೆಂಪೆಲ್ಲ ಹೋಯಿತು. ಅಲ್ಲಿಗೆ ನಿಲ್ಲಬಹುದಿತ್ತು. ಕೈ ನಿಲ್ಲಬೇಕಲ್ಲ! ಮಚ್ಚೆ ತೆಗೆಯೋಣವೆಂದು ಇನ್ನಷ್ಟು ತಿಕ್ಕಿದೆ. ಒಂದು ಬದಿ ಬೆಳ್ಳಗಾದ ಮೇಲೆ ಇನ್ನೊಂದು ಬದಿಯನ್ನು ಹೇಗೆ ಬಿಡುವುದು? ಈಗ ಕನ್ನಡಿ. ಅದರಲ್ಲೇ ನೋಡಿಕೊಂಡು ಬೈತಲೆ ತಿದ್ದಿದೆ. ಇವರು ಬಂದು, “ಇನ್ಸ್ಪೆಕ್ಷನ್ ಪಾಸ್, ಮೊದಲನೇ ನಂಬರ್” ಎಂದರು. ಖುಷಿ. ಭಾರೀ ಖುಷಿ.

೨೧ ಅಕ್ಟೋಬರ್, ಶೀಗಿ ಹುಣ್ಣಿಮೆ

ಅತ್ತೆ ಬಂದರು. ಕಾಲು ತೊಳೆದು ನೆಟ್ಟಗೆ ಗೂಟದ ಹತ್ತಿರ. ನೋಡಿದರು. ಆಮೇಲೆ ಮೆಲ್ಲಗೆ— “ನನ್ನ ಈಳಗಿ ಎಲ್ಲೈತಿ?”

“ಅದ ಐತ್ರಿ ಅತ್ತಿ.”

“ಇದಲ್ಲ. ನಂದು ಕರೇದು.”

ಘಟ, ವಿಭೂತಿ, ಹುಣಸೆ, ಉಳ್ಳಾಗಡ್ಡಿ— ಒಂದೂ ಬಿಡದೆ ಹೇಳಿದೆ. ಅಡುಗೆಮನೆ ಹೋಯಿತೆಂದೇ ತಿಳಿದೆ. ಅತ್ತೆ ಈಳಿಗೆ ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕುಳಿತರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

“ನಾನೂ ಲಗ್ನಾದ ವರ್ಷ ಹಿಂಗ ತಿಕ್ಕಿದ್ದೆ. ನಮ್ಮತ್ತಿ ಎಂಟ ದಿನಾ ಮಾತಾಡ್ಲಿಲ್ಲ. ಹುಚ್ಚಿ, ಆ ಕಪ್ಪು ಹೊಲಸಲ್ಲ. ಈಳಗಿ ಅಂಗಿ ಅದು. ಅದ ಇದ್ರ ತುಕ್ಕ ಸುಮ್ನ ಹತ್ತಂಗಿಲ್ಲ. ಮೂವತ್ತ ವರ್ಷ ಹೆಚ್ಚಿ ಹೆಚ್ಚಿ ತೊಡಿಸಿದ್ದೆ. ಒಂದ ಮುಂಜಾನಿ ಕಳದ ಒಗದಿ.”

“ಈಗ ಏನ ಮಾಡ್ಲಿರಿ?”

“ಕಳದಾಕಿನ ತೊಡಸಬೇಕು. ಉಳ್ಳಾಗಡ್ಡಿ, ಬದನಿಕಾಯಿ, ಮಾವಿನಕಾಯಿ... ಹೆಚ್ಚು, ಒರಸು, ಎಣ್ಣಿ ಹಚ್ಚು. ಅದು ಕರ್ರಗ ಆಗೂತನಾ ಇದನ್ನ ನಾ ಮುಟ್ಟಂಗಿಲ್ಲ.”

ಎಂದವರೇ ಈಳಿಗೆಯನ್ನು ನನ್ನ ಮುಂದೆ ಇಟ್ಟು, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತರು. ಮೂರು ವರ್ಷದಲ್ಲಿ ಅತ್ತೆ ಕಾಲು ಚಾಚಿ ಕುಳಿತದ್ದನ್ನು ನಾನು ನೋಡಿರಲಿಲ್ಲ.

೩ ನವೆಂಬರ್

ಹದಿಮೂರು ದಿನ ಬರೆಯಲು ಬಿಡುವಿಲ್ಲ. ಹೆಚ್ಚುವುದೇ ಆಯಿತು. ಇವತ್ತು ಬೆಳಿಗ್ಗೆ ಈಳಿಗೆಯ ಬೆನ್ನ ಹತ್ತಿರ ಹೊಗೆಬಣ್ಣದ ಒಂದು ಮಸುಕು! ಅತ್ತೆಯನ್ನು ಕರೆದು ತೋರಿಸಿದೆ. ಮೂಸಿ ನೋಡಿ, “ಅಂಗೀಗೆ ಒಂದ ತೋಳು ಬಂತು, ಮೈ ಇನ್ನ ಬಾಕಿ” ಎಂದರು. ಇವರಿಗೆ ಮೂರು ಹೊತ್ತೂ ಉಳ್ಳಾಗಡ್ಡಿ ಪಲ್ಯ, ಪಾಪ. ನನಗೆ ಎಷ್ಟು ಸಂತೋಷವೆಂದು ಬರೆಯಲು ಬರುವುದಿಲ್ಲ. ಅಡುಗೆಮನೆ ನನ್ನದು. ನಾಳೆ ದೀಪಾವಳಿಗೆ ಕುಂಬಳಕಾಯಿ ಹೆಚ್ಚುವವಳೂ ನಾನೇ. ಈಗಷ್ಟೇ ನಿಂಬೆಹಣ್ಣು ಕೊಯ್ದು ಉಪ್ಪು ಹಾಕಿ, ಬರೆಯುವ ಆತುರಕ್ಕೆ ನೆಟ್ಟಗೆ ಇಲ್ಲಿ ಬಂದು ಕುಳಿತೆ. ಈಳಿಗೆ ಒರೆಸಿದೆ, ಒಣಗಿಸಿ

ಒರೆಸಿದೆನೇ?