ಭಾನುವಾರ ರಾತ್ರಿ ಊಟಕ್ಕೆ ಏಳು ಜನ

ಗೌಡಗೆರೆ
21 ಜನವರಿ 2025, ಮಂಗಳವಾರ

ಚಿ. ಸೌ. ವನಜಾಕ್ಷಿಗೆ,

ನಿನ್ನ ಅಕ್ಕ ಗೌರಿಯ ಆಶೀರ್ವಾದ. ನಾಗಲಮಡಿಕೆಯಲ್ಲಿ ನೀನು, ನಿನ್ನ ಯಜಮಾನರು, ಮಗಳು ಪ್ರಿಯಾಂಕ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವೂ ಇದ್ದೇವೆ.

ನೀನು ಕೇಳಿ ಐದು ದಿನವಾಯಿತು, ನಾನು ಉತ್ತರ ಕೊಡಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಮೊಬೈಲಿಗೆ ನಿನ್ನ ದನಿ ಬಂದಾಗ ನಾನು ಸ್ಕೂಲಿನ ಅಡುಗೆಮನೆಯಲ್ಲಿ ಬಿಸಿಯೂಟದ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. “ಅಕ್ಕಾ, ಬರೋ ಆಚೆ ಭಾನ್ವಾರ ರಾತ್ರಿ ನಮ್ಮನೆಗೆ ಏಳ್ ಜನ ಊಟಕ್ಕೆ ಬತ್ತಾರೆ. ಕಡ್ಲೆಕಾಯಿ ವ್ಯಾಪಾರದೋರು, ಸಿರಾ ಕಡೆಯೋರು. ನಂಗೆ ಕೈಕಾಲೇ ಆಡ್ತಿಲ್ಲ ಕಣೇ, ಏನ್ ಮಾಡ್ಲಿ ಹೇಳು” ಅಂತ ನೀನು ಅಂದಿದ್ದೆ. ಆಮೇಲೆ ನಾನು ನಾಲ್ಕು ಸಲ ಫೋನ್ ಕೈಗೆತ್ತಿಕೊಂಡೆ, ನಾಲ್ಕು ಸಲವೂ ಕೆಳಗಿಟ್ಟೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ಕಾಗದವಾದರೆ ನಾನು ಮುಗಿಸುವ ತನಕ ನೀನು ಕೇಳಲೇಬೇಕು. ನಮ್ಮೂರಿನ ಶಿವರಾಜು ನಾಳೆ ಬೆಳಿಗ್ಗೆ ಟೆಂಪೋದಲ್ಲಿ ತರಕಾರಿ ತುಂಬಿಕೊಂಡು ಪಾವಗಡದ ಕಡೆ ಹೋಗುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಒಂದು ಮಾತು. ಯೂಟ್ಯೂಬ್ ನೋಡಿ ಪನೀರು, ಗೋಬಿ ಅಂತ ಕೈ ಹಾಕಬೇಡ. ಹೋದ ಯುಗಾದಿಗೆ ನೀನು ಮಾಡಿದ ಪನೀರನ್ನು ನಿನ್ನ ಭಾವ ಎಷ್ಟು ಅಗಿದರೂ ನುಂಗಲಾರದೆ ಕೊನೆಗೆ ಹಿತ್ತಿಲಿಗೆ ಹೋಗಿ ಬಂದರು. ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ. ನೆಂಟರು ಬಂದಾಗ ಹೊಸದು ಕಲಿಯಬಾರದು. ಕಣ್ಣು ಮುಚ್ಚಿಕೊಂಡರೂ ಉಪ್ಪಿನ ಅಂದಾಜು ಕೈಗೆ ಸಿಗುವಂಥದ್ದನ್ನೇ ಮಾಡಬೇಕು.

ಹೇಳದೆ ಕೇಳದೆ ಬರುವವರಿಗೆ ನನ್ನದು ಉಪ್ಸಾರು, ಮುದ್ದೆ, ಹುಚ್ಚೆಳ್ಳು ಚಟ್ನಿ. ಒಲೆ ಹಚ್ಚಿದ ಮುಕ್ಕಾಲು ಗಂಟೆಗೆ ಎಲೆ ಹಾಕಬಹುದು. ಬಾಡು ತಿನ್ನದವರು ಬಂದರೆ ಹಿತಕಿದ ಅವರೆಬೇಳೆ ಸಾರು, ಈಗಂತೂ ಕಾಯಿಯ ಸೊಗಡು ಇನ್ನೂ ಚೆನ್ನಾಗಿದೆ. ನಮ್ಮ ಹೆಡ್ ಮೇಷ್ಟ್ರು ಶಂಕರಲಿಂಗಪ್ಪನವರು ಮಧುಗಿರಿಯಿಂದ ಬರುವವರು, ಲಿಂಗ ಕಟ್ಟಿದವರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಸಂಕ್ರಾಂತಿ ಮಾರನೇ ದಿನ ಯಾವುದೋ ಸಹಿಗೆ ಅಂತ ಬಂದವರು ಆ ಸಾರಿನ ವಾಸನೆಗೆ, “ಗೌರಮ್ಮ, ಒಂದು ತಟ್ಟೆ ಹಾಕ್ಬಿಡಿ” ಅಂತ ಕೂತೇಬಿಟ್ಟರು. ಎರಡು ಸಲ ಹಾಕಿಸಿಕೊಂಡರು.

ಆದರೆ ನಿನ್ನ ಏಳು ಜನ ಬಾಡು ತಿನ್ನುವವರು. ಹಾಗಾಗಿ ಮರಿ ಬಾಡಿನ ಸಾರನ್ನೇ ಮಾಡು. ನಾಟಿಕೋಳಿ ಬೇಡ. ಕೋಳಿಯಲ್ಲಿ ಯಾರಿಗೆ ಯಾವ ಚೂರು ಬಿತ್ತು ಅಂತ ಎಲೆಯಿಂದ ಎಲೆಗೆ ಕಣ್ಣು ಓಡಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ಹುರಿದುಕೋ. ಕೊತ್ತಂಬರಿ ಬೀಜ ಕಮ್ಮಿಯಾಗಬಾರದು. ಕಾಯಿ ಕೊನೆಗೆ ರುಬ್ಬಿ ಹಾಕು. ನಿಮ್ಮ ಕಡೆಯ ಖಾರ ಮಾತ್ರ ಹಾಕಬೇಡ ತಾಯಿ. ಒಂದು ತುತ್ತಿಗೆ ಕಣ್ಣು ಕೆಂಪಗಾದರೆ ನಿಮ್ಮತ್ತೆ, “ಏಮಿ ಗೌರಕ್ಕಾ, ಕಾರಂ ಸಾಲದಾ?” ಅಂತ ಇನ್ನೊಂದು ಸೌಟು ಬಡಿಸುವವರು. ಬರುವವರು ಅಷ್ಟು ತಡೆಯುವವರಲ್ಲ. ಅವರಲ್ಲಿ ಹಲ್ಲಿಲ್ಲದ ಅಜ್ಜಿಗೆ ಕೈಮಾ ಉಂಡೆ ಬೇರೆ ಬೇಯಿಸಿಡು. ಹುರಿಗಡಲೆ ಹಿಟ್ಟು ಕಮ್ಮಿ ಹಾಕಿದರೆ ಬೆರಳಲ್ಲಿ ಒತ್ತಿದರೂ ಒಡೆಯುತ್ತದೆ. ಅವರ ಮುದ್ದೆಯೂ ಸ್ವಲ್ಪ ಮೆತ್ತಗಿರಲಿ. ಯಜಮಾನ ಅನ್ನಿಸಿಕೊಂಡವರಿಗೆ ಎಲುಬಿನ ಚೂರು ಇಷ್ಟ, ಕೇಳುವುದಕ್ಕೆ ನಾಚಿಕೆ. ನೀನೇ ಹಾಕಿಬಿಡು. ಬದನೆಕಾಯಿ ಯಾವುದರಲ್ಲೂ ಬೇಡ.

ಅನ್ನಕ್ಕೆ ತಿಳಿಸಾರು, ಕೊನೆಗೆ ಶಾವಿಗೆ ಪಾಯಸ. ಏಳು ಜನ ಅಂದರೆ ಹತ್ತು ಜನಕ್ಕೆ ಮಾಡು, ಡ್ರೈವರ್ ಒಬ್ಬನಿರುತ್ತಾನೆ, ಅವನನ್ನು ಕಾರಿನಲ್ಲೇ ಕೂರಿಸಬೇಡ. ಏಳೂವರೆಗೆಲ್ಲ ಎಲೆ ಹಾಕಿಬಿಡು, ಅವರು ದೂರ ಹೋಗಬೇಕು. ಊಟ ಅಂದರೆ ಇಷ್ಟೇ. ಉಳಿದದ್ದು ಬಡಿಸುವವರ ಮುಖ.

ಇನ್ನು ನಮ್ಮ ಮನೆಯ ಸುದ್ದಿ. ಮಗಳು ಯಶೋದ ಹೊಲಿಗೆ ಮಾಡುತ್ತಿದ್ದಾಳೆ. ಜಾತ್ರೆ, ಮದುವೆ ಅಂತ ಊರಿನವರ ರವಿಕೆಗಳು ರಾಶಿ ಬಿದ್ದಿವೆ. ಸೂಜಿಗೆ ದಾರ ಪೋಣಿಸುವಾಗ ಒಂದೇ ಸಲಕ್ಕೆ ಪೋಣಿಸುತ್ತಾಳೆ, ಕೈ ಅಷ್ಟು ನಿಶ್ಚಲ. ಅದೇ ಕೈ ನೋಡಲು ಬಂದವರ ಮುಂದೆ ನಡುಗುತ್ತದೆ. ಏಳು ವರ್ಷದ ಹಿಂದೆ ಕೊರಟಗೆರೆಯಿಂದ ಬಂದಿದ್ದ ಮೊದಲನೇ ಗಂಡಿನ ಪಂಚೆಯ ಮೇಲೆ ಕಾಫಿ ಚೆಲ್ಲಿದಳಲ್ಲ, ಅವತ್ತಿನಿಂದ ಹೀಗೆ. ಆಮೇಲೆ ಬಂದವರೆಲ್ಲ ಹುಡುಗಿಗೆ ನರದ ಕಾಯಿಲೆ ಇರಬೇಕು ಅಂತ ಮಾತಾಡಿಕೊಂಡು ಹೋದರು. ಹನ್ನೆರಡು ಸಲ ನಾನು ಉಪ್ಪಿಟ್ಟು ಕೇಸರಿಬಾತು ಮಾಡಿದ್ದೇನೆ ವನಜ. ಈಗ ಸ್ಕೂಲಿನಲ್ಲಿ ಮಕ್ಕಳು ಉಪ್ಪಿಟ್ಟು ಅಂತ ಕುಣಿದರೆ ನಾನು ಸೌಟನ್ನು ಇನ್ನೊಬ್ಬಳ ಕೈಗೆ ಕೊಟ್ಟುಬಿಡುತ್ತೇನೆ. ಅವಳಿಗೆ ಈ ಯುಗಾದಿಗೆ ಮೂವತ್ತಮೂರು ತುಂಬುತ್ತದೆ.

ನಮ್ಮಲ್ಲಿ ನೋಡಲು ಬಂದವರಿಗೆ ಉಪ್ಪಿಟ್ಟು, ಒಪ್ಪಿದ ಮೇಲೆ ಎರಡನೇ ಸಲ ಬಂದಾಗ ರಾತ್ರಿ ಊಟ. ಹನ್ನೆರಡನೆಯವರಾಗಿ ಬಂದ ಬುಕ್ಕಾಪಟ್ಟಣದ ದಾಸಣ್ಣನವರಿಗೆ ಮಾತ್ರ ನಾನು ಆ ಊಟ ಹಾಕಿದ್ದು. ಮೊದಲ ಸಲ ಬಂದಾಗ ಅವರ ಮುಂದೆಯೂ ಯಶೋದಳ ಕೈ ನಡುಗಿತು, ತಟ್ಟೆ ಗಲಗಲ ಅಂತು. ದಾಸಣ್ಣನ ತಾಯಿ ಆ ಅಜ್ಜಿ ನಕ್ಕು, “ಗಾಬ್ರಿ ಬೀಳ್ಬ್ಯಾಡ ಕಣವ್ವ. ನನ್ನ್ ನೋಡಾಕ್ ಬಂದಾಗ ನಾನು ಕಣಜದ ಹಿಂದ್ಕೆ ಓಡೋಗ್ಬುಟ್ಟಿದ್ದೆ” ಅಂದರು. ಹುಡುಗ ಯುವರಾಜ್ ತಾನೇ ಎದ್ದು ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡ. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಮೂರನೇ ದಿನಕ್ಕೆ ಒಪ್ಪಿಗೆ ಅಂತ ಹೇಳಿ ಕಳಿಸಿದರು.

ಊಟದ ದಿನ ಡಿಸೆಂಬರ್ ಎಂಟು. ನಿನ್ನ ಭಾವ ಮೂರು ವರ್ಷ ಸಾಕಿದ್ದ ಟಗರನ್ನು ತಾವೇ ಹಿಡಿದುಕೊಟ್ಟರು. ನಮ್ಮವರಲ್ಲಿ ಟಗರು ಕುಯ್ದು ಉಂಡ ಮೇಲೆ ಮಾತು ತಿರುಗಿಸುವವರಿಲ್ಲ ಅಂತ ನಂಬಿಕೆ. ಎಲ್ಲರೂ ಹೊಟ್ಟೆ ತುಂಬ ಉಂಡರು. ಹೊರಡುವಾಗ ದಾಸಣ್ಣ, “ಧನುರ್ಮಾಸ ಕಳೀಲಿ ಕಣಮ್ಮ, ದಿನ ನೋಡಿ ಹೇಳ್ತೀವಿ” ಅಂದರು. ಧನುರ್ಮಾಸ ಕಳೆದು ವಾರವಾಯಿತು, ಅವರಿಂದ ಫೋನಿಲ್ಲ. ನಿನ್ನ ಭಾವ ಆ ಕಡೆ ಹೋಗಿ ಬರುತ್ತೇನೆ ಅಂದಾಗ ನಾನೇ ಬೇಡ ಅಂದೆ. ನಾನು ಆಸೆ ಬಿಟ್ಟಿದ್ದೇನೆ. ಯಶೋದ ಬಿಟ್ಟಿಲ್ಲ, ಅದೇ ಕಷ್ಟ. ಹಬ್ಬದ ಎಳ್ಳುಬೆಲ್ಲದಲ್ಲಿ ಒಂದು ಪೊಟ್ಟಣ ಕಟ್ಟಿ, “ಬುಕ್ಕಾಪಟ್ಟಣದೋರು ಬಂದ್ರೆ ಇರ್ಲಿ” ಅಂತ ಡಬ್ಬಿಯಲ್ಲಿಟ್ಟಿದ್ದಾಳೆ. ಇರುವೆ ಹತ್ತಿದೆ. ತೆಗೆದು ಎಸೆ ಅನ್ನುವ ಧೈರ್ಯ ನನಗಿಲ್ಲ.

ನಿನ್ನ ಭಾವ ಕುರಿ ಮೇಯಿಸಲು ಹೋದವರು ಹೊತ್ತು ಮುಳುಗುವ ತನಕ ಬರುವುದಿಲ್ಲ. ಹೋಗಲಿ ಬಿಡು. ನಿನ್ನ ಸೊಂಟ ನೋವು ಹೇಗಿದೆ? ಏಳು ಜನರ ಅಡುಗೆಯನ್ನು ಒಬ್ಬಳೇ ಎಳೆದಾಡಬೇಡ, ಬಾಡು ತೊಳೆಯುವುದಕ್ಕಾದರೂ ಯಾರನ್ನಾದರೂ ಕರೆದುಕೋ.

ದೇವರು ನಿನ್ನ ಮನೆಯನ್ನು ತುಂಬಿದ ಹಾಗೇ ಇಟ್ಟಿರಲಿ. ನಿನ್ನತ್ತೆಗೆ ನಮಸ್ಕಾರ ಹೇಳು. ಪ್ರಿಯಾಂಕಳಿಗೆ ಅವಳ ದೊಡ್ಡಮ್ಮನ ಆಶೀರ್ವಾದ.

ಇಂತಿ ನಿನ್ನ ಅಕ್ಕ,
ಗೌರಕ್ಕ

ವಿ.ಸೂ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಅಜ್ಜಿಗೆ ಹಲ್ಲಿಲ್ಲ, ಯಜಮಾನರಿಗೆ ಎಲುಬು ಇಷ್ಟ ಅಂತ ನನಗೆ ಹೇಗೆ ಗೊತ್ತು ಅಂತ ನೀನು ಓದುವಾಗಲೇ ತಿಳಿದಿರುತ್ತೀಯ. ಭಾನುವಾರ ನಿನ್ನ ಮನೆಗೆ ಬರುವವರು ದಾಸಣ್ಣನವರು. ಕಡ್ಲೆಕಾಯಿ ವ್ಯಾಪಾರ ಅಂತೆ! ನನ್ನ ಹತ್ತಿರ ಸುಳ್ಳು ಹೇಳಿ ನನ್ನ ಹತ್ತಿರವೇ ಅಡುಗೆ ಕೇಳಿದೆಯಲ್ಲೇ, ನಿನಗೆ ಹೇಗೆ ಮನಸ್ಸು ಬಂತು? ಮದುವೆ ಮಾತಾಡಿಸುವ ಅಂಜಿನಮೂರ್ತಿ ನೀನು ಫೋನ್ ಮಾಡಿದ ಸಾಯಂಕಾಲವೇ ಬಂದು ಜಗುಲಿಯಲ್ಲಿ ಕೂತು ತಲೆ ಕೆರೆದುಕೊಂಡು ಹೇಳಿದ, “ಅವ್ರಿಗೆ ಪ್ರಿಯಾಂಕನ ಮ್ಯಾಲೆ ಮನ್ಸಾಗ್ಬುಟ್ಟೈತೆ ಕಣಕ್ಕ. ನಾನೇನ್ ಮಾಡ್ಲಿ?” ಅಂತ. ಎರಡು ದಿನ ನಿನ್ನ ಮೇಲೆ ಕೆಂಡದಂಥ ಕೋಪವಿತ್ತು. ಅವರೇ ಬಂದು ಕೇಳಿದಾಗ ಹೆಣ್ಣು ಹೆತ್ತವಳು ಇನ್ನೇನು ಮಾಡುತ್ತಾಳೆ ಅಂತ ಆಮೇಲೆ ಅನ್ನಿಸಿತು. ಕೋಪ ಹೋಗಿಲ್ಲ, ಸ್ವಲ್ಪ ಕೂತಿದೆ.

ನಮ್ಮ ಮನೆಯ ಊಟದ ದಿನ ನಡೆದದ್ದನ್ನು ನಿನಗೆ ಯಾರೂ ಹೇಳಿರಲಾರರು. ಒಪ್ಪಿಗೆ ಊಟದಲ್ಲಿ ಮದುವೆಯಾಗುವ ಹುಡುಗಿಯೇ ತುಪ್ಪ ಬಡಿಸಬೇಕು ಅಂತ ನಮ್ಮಮ್ಮ ಹಾಕಿಕೊಟ್ಟ ಪದ್ಧತಿ. ನಿನಗೂ ನನಗೂ ಹಾಗೇ ಆಗಿದೆ. ಯಶೋದ ಒಂದು ವಾರದಿಂದ ತುಪ್ಪದ ಬಟ್ಟಲಿಗೆ ನೀರು ತುಂಬಿಕೊಂಡು ಖಾಲಿ ಎಲೆಗಳ ಮುಂದೆ ಬಡಿಸಿ ಬಡಿಸಿ ಅಭ್ಯಾಸ ಮಾಡಿದ್ದಳು. ಅವತ್ತು ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಾಗ ಬೆರಳು ಸ್ವಲ್ಪ, ಬರೀ ಸ್ವಲ್ಪ ನಡುಗಿತು. ನಾನು ಹೆದರಿಬಿಟ್ಟೆ. ಚೆಲ್ಲಿದರೆ ಇವರೂ ಹೋಗಿಬಿಡುತ್ತಾರೆ ಅಂತ ಬಟ್ಟಲನ್ನು ಕಿತ್ತುಕೊಂಡು, ಸಹಾಯಕ್ಕೆ ಅಂತ ಬಂದಿದ್ದ ನಿನ್ನ ಮಗಳ ಕೈಗೆ ಕೊಟ್ಟೆ. ಪ್ರಿಯಾಂಕ, “ದೊಡ್ಡಮ್ಮ, ಅಕ್ಕನೇ ಬಡಿಸ್ಲಿ” ಅಂದಳು. “ಹೋಗೇ ಸುಮ್ನೆ” ಅಂತ ನಾನೇ ತಳ್ಳಿದೆ. ಒಂದು ಹನಿ ಚೆಲ್ಲದೆ ಏಳು ಎಲೆಗೂ ಬಡಿಸಿದಳು. ಅಜ್ಜಿ ಅವಳ ಕೈ ಹಿಡಿದು, “ನೀನ್ ಯಾರ್ ಮಗಳವ್ವ?” ಅಂತ ಕೇಳಿದರು. ಯಶೋದ ಊಟ ಮುಗಿಯುವ ತನಕ ಬಾಗಿಲ ಹಿಂದೆ ನಿಂತೇ ಇದ್ದಳು.

ಅವಳ ನಡುಕವನ್ನು ನೋಡಿ ನಕ್ಕು ಒಪ್ಪಿಕೊಂಡಿದ್ದರು ಆ ಜನ. ಒಪ್ಪದೆ ಹೋದವಳು ನಾನು.

ಅಂಜಿನಮೂರ್ತಿ ಹೇಳಿದ್ದು ಯಶೋದಳಿಗೆ ಇನ್ನೂ ಗೊತ್ತಿಲ್ಲ. ಚಿಕ್ಕಮ್ಮನ ಮನೆಗೆ ನೆಂಟರು ಬರುತ್ತಾರೆ ಅನ್ನುವುದಷ್ಟೇ ಗೊತ್ತು. “ನಮ್ಮನೆ ಊಟಕ್ಕೆ ಪ್ರಿಯಾಂಕ ಬಂದು ದುಡುದ್ಲಲ್ಲಮ್ಮ, ನಾನೂ ಹೋಗಿ ಬಡುಸ್ಕೊಟ್ಟು ಬತ್ತೀನಿ. ಗುರುತಿಲ್ಲದೋರ ಮುಂದೆ ಕೈ ನಡುಗಲ್ಲ ನೋಡ್ತಿರು” ಅಂತ ನಿನ್ನೆಯೇ ಬ್ಯಾಗು ತುಂಬಿಟ್ಟಿದ್ದಾಳೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳಂತೆ. ಅಷ್ಟರೊಳಗೆ ನೀನೇ ಅವಳಿಗೆ ಫೋನ್ ಮಾಡಿ ಬರಬೇಡ ಅನ್ನು. ನನ್ನ ಬಾಯಲ್ಲಿ ಇನ್ನೊಂದು ಸಲ ಅವಳಿಗೆ ಬೇಡ ಅನ್ನಲು ಆಗುವುದಿಲ್ಲ.