ಗೊಗ್ಗರು ದನಿಗೆ ಬಂದ ಮೆಚ್ಚುಗೆಗಳು

ಕೂಡ್ಲಿಗಿ

ತೆಲಿಗಿಯ ತಂಗಿ ಸಮತಾಳಿಗೆ,

ನಿನ್ನ ವಯಸ್ಸು ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ನಿನ್ನ ಹೆಸರಿನ ಪಕ್ಕ ಇದ್ದದ್ದು ಮುಖವಲ್ಲ, ಒಂದು ದಾಸವಾಳದ ಹೂವು. ನೀನು ನನಗಿಂತ ದೊಡ್ಡವಳೂ ಇರಬಹುದು. ಆದರೆ ನನ್ನ ಗಂಡನನ್ನು ನೀನು ಅಣ್ಣಾ ಎಂದು ಕರೆದಿದ್ದೆ. ಆ ಸಲಿಗೆಯ ಮೇಲೆ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರಿಸಬೇಡ. ನಾನು ಪಾಲಮ್ಮ. ಯೂಟ್ಯೂಬಿನಲ್ಲಿ ಹೊರದೇಶದ ಸಿನಿಮಾಗಳ ಕಥೆಯನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದ ಹುಲುಗೇಶನ ಹೆಂಡತಿ. ಲಂಡನ್ನಿನ ರೌಡಿಗಳ ಆ ನಗೆ ಸಿನಿಮಾ ನಿನಗೆ ನೆನಪಿರಬೇಕು. ಅದರ ಕೆಳಗೆ ಸಾವಿರಾರು ಮಂದಿ ನಕ್ಕು ಹೋದ ಜಾಗದಲ್ಲಿ ನೀನು ಎರಡು ಸಲ ಬರೆದಿದ್ದೆ. ಆಮೇಲೆ ಏನಾಯಿತು ಎಂದು ನಿನಗೆ ಹೇಳುವವರು ಬೇರೆ ಯಾರೂ ಇಲ್ಲ. ನಾನೇ ಹೇಳಬೇಕು.

ಅವರ ಮೊದಲಿನ ದನಿಯನ್ನು ನೀನು ಕೇಳಿಯೇ ಇರುತ್ತೀಯ, ಅವರದೆಂದು ತಿಳಿದಿರಲಿಕ್ಕಿಲ್ಲ ಅಷ್ಟೇ. ಆಟೋದ ನೆತ್ತಿಗೆ ಮೈಕ್ ಕಟ್ಟಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಓಣಿ ಓಣಿ ತಿರುಗಿ ಪ್ರಚಾರ ಮಾಡುತ್ತಿದ್ದರು. ಸೀರೆ ಅಂಗಡಿಯ ರಿಯಾಯಿತಿ, ನಾಟಕ ಕಂಪನಿ, ಕಣ್ಣಿನ ತಪಾಸಣೆ, ಚುನಾವಣೆ, ಎಲ್ಲಕ್ಕೂ ಅದೇ ದನಿ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ ಮಾರಣ್ಣ, 'ಈ ದನಿ ನಾ ಎಲ್ಲೋ ಕೇಳೀನಲ್ಲ' ಎಂದರು. ಇವರು ಚಹಾದ ಲೋಟವನ್ನೇ ಮೈಕಿನಂತೆ ಹಿಡಿದು, 'ಬನ್ನಿ, ಬನ್ನಿ, ತಪ್ಪಿದರೆ ಸಿಗದು, ಇಂದೇ ಕಡೆಯ ದಿನ!' ಎಂದುಬಿಟ್ಟರು. ಒಳಗೆ ಅವಲಕ್ಕಿ ಕಲಸುತ್ತಿದ್ದ ನಾನು ಮುಖ ನೋಡುವ ಮೊದಲೇ ಆ ದನಿಗೆ ನಕ್ಕಿದ್ದೆ. ಮದುವೆಗೆ ಒಪ್ಪಿದ್ದು ಆ ನಗುವಿನಿಂದಲೇ.

ಆಮೇಲೆ ಪೆನ್‌ಡ್ರೈವ್ ಬಂತು. ಎಲ್ಲೋ ಸ್ಟುಡಿಯೋದಲ್ಲಿ ಯಾರೋ ಮಾತಾಡಿದ್ದನ್ನು ಹಾಕಿಕೊಂಡು ಆಟೋಗಳು ತಿರುಗತೊಡಗಿದವು. ಡ್ರೈವರ್ ಒಬ್ಬನಿದ್ದರೆ ಸಾಕಾಯಿತು. ಇವರು ಮನೆಯಲ್ಲಿ ಕುಳಿತರು. ಸಿಗರೇಟು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಸಿನಿಮಾ ಕಥೆ ಹೇಳುವ ಯೋಚನೆ ಹೊಳೆದಾಗ ಮತ್ತೆ ಮನುಷ್ಯರಾದರು. ಮಧ್ಯಾಹ್ನ ಓಣಿ ತಣ್ಣಗಾದ ಹೊತ್ತಿನಲ್ಲಿ ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಅತ್ತೆ ಹೊಲಿದ ಕೌದಿಗಳನ್ನು ತೂಗುಹಾಕಿ, ಒಳಗೆ ಕುಳಿತು ಕಥೆ ರೆಕಾರ್ಡ್ ಮಾಡುತ್ತಿದ್ದರು. ನಾನು ಕೊಟ್ಟೂರಿನ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ, ಇಂಗ್ಲಿಷೂ ಅಷ್ಟಿಷ್ಟು ಬರುತ್ತದೆ. ರಜೆಯ ದಿನ ತೆರೆಯ ಕೆಳಗೆ ಓಡುವ ಅಕ್ಷರಗಳನ್ನು ಓದಿ ಅರ್ಥ ಹೇಳುತ್ತಿದ್ದೆ. ಅವರು ಅದನ್ನು ನಮ್ಮ ಸೀಮೆಯ ಮಾತಿಗೆ ತಿರುಗಿಸುತ್ತಿದ್ದರು. ನೋಡುವವರು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು.

ಆ ಸಿನಿಮಾ ಸಿಕ್ಕ ಹೊತ್ತಿಗೆ ಅವರ ಗಂಟಲು ಒಡೆದು ಎರಡು ತಿಂಗಳಾಗಿತ್ತು. ಥಂಡಿ ಎಂದುಕೊಂಡಿದ್ದೆವು. ಜ್ಯೇಷ್ಠಮಧು ಅಗಿದರು, ಅರಿಶಿನದ ಹಾಲು ಕುಡಿದರು, ಹೋಗಲಿಲ್ಲ. ಕಥೆ ನಿನಗೆ ಗೊತ್ತೇ ಇದೆ. ಲಂಡನ್ನಿನ ಮುದಿ ರೌಡಿಯೊಬ್ಬನ ತಾಯಿ ಸಾಯುತ್ತಾಳೆ. ಹೆಣದ ಪೆಟ್ಟಿಗೆ ಇದ್ದ ಗಾಡಿಯನ್ನು ಇಬ್ಬರು ದಡ್ಡ ಅಣ್ಣತಮ್ಮಂದಿರು ಟಿವಿಗಳ ಗಾಡಿ ಎಂದು ತಿಳಿದು ಕದಿಯುತ್ತಾರೆ. ಇಡೀ ಊರಿನ ರೌಡಿಗಳು ಹೆಣ ಹುಡುಕುತ್ತ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುತ್ತಾರೆ. ಮೂಲದಲ್ಲಿ ಆ ಮುದುಕ ತಣ್ಣಗೆ, ಮೆಲ್ಲಗೆ ಮಾತಾಡುತ್ತಾನೆ. ಇವರು ಅವನಿಗೆ ಬಾಸಪ್ಪ ಎಂದು ಹೆಸರಿಟ್ಟು ತಮ್ಮ ಒಡಕು ದನಿಯನ್ನೇ ಕೊಟ್ಟರು. 'ಲೇ ಮಕ್ಳಾ, ನಮ್ಮವ್ವನ್ನ ಎಲ್ಲಿ ಇಟ್ಟೀರಿ ಹೇಳ್ರಿ. ಮಣ್ಣು ಮಾಡಾಕ ಹೊತ್ತಾಗೇತಿ.' ಆ ಮಾತು ಹೇಳಿದಾಗ ಪಕ್ಕದಲ್ಲಿದ್ದ ನನಗೂ ನಗು ತಡೆಯಲಾಗಲಿಲ್ಲ.

ಒಂದೇ ವಾರದಲ್ಲಿ ಅದು ಎಲ್ಲೆಲ್ಲೋ ಹೋಯಿತು. ಜನ ಬರೆದದ್ದನ್ನು ಅವರು ಬೆಳಗಾಗೆದ್ದು ಹಲ್ಲುಜ್ಜುವ ಮೊದಲೇ ನನಗೆ ಓದಿ ಹೇಳುತ್ತಿದ್ದರು. 'ಬಾಸಪ್ಪನ ವಾಯ್ಸ್ ಬೆಂಕಿ ಗುರು.' 'ಇಂಗ್ಲಿಷಲ್ಲಿ ನೋಡಿದಾಗ ಒಂದಕ್ಷರ ತಲೆಗೆ ಹೋಗಿರಲಿಲ್ಲ, ಈಗ ನಕ್ಕೂ ನಕ್ಕೂ ಹೊಟ್ಟೆ ನೋವು.' 'ಬೈಗುಳ ಜಾಸ್ತಿ ಆಯ್ತು, ಮನೆಮಂದಿ ಜೊತೆ ನೋಡೋಕಾಗಲ್ಲ.' 'ಹೆಣ ಇಟ್ಕೊಂಡು ಕಾಮಿಡಿ ಮಾಡೋದು ಇಂಗ್ಲಿಷ್‌ನೋರಿಗೇ ಸರಿ.' ಹಗರಿಬೊಮ್ಮನಹಳ್ಳಿಯ ಗವಿಸಿದ್ದೇಶ್ ಎಂಬ ಉಪನ್ಯಾಸಕರು ಉದ್ದಕ್ಕೆ ಬರೆದಿದ್ದರು: ನಗೆಯ ಅಡಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗನ ಸಂಕಟವಿದೆ, ಅದನ್ನು ಈ ಕಲಾವಿದ ಗಂಟಲಿನಲ್ಲಿ ಹಿಡಿದಿಟ್ಟಿದ್ದಾರೆ, ಇಂಥ ದನಿ ಸಾಧನೆಯಿಂದ ಮಾತ್ರ ಬರುತ್ತದೆ ಎಂದು. ಅದನ್ನು ಇವರು ಎಷ್ಟು ಸಲ ಓದಿದರೋ. 'ಕಲಾವಿದ ಅಂದಾರ ನೋಡ್, ಪಾಲಿ' ಎಂದು ಕಣ್ಣು ಒರೆಸಿಕೊಂಡರು. ಆಟೋದ ಮೇಲೆ ಒದರಿದವರನ್ನು ಯಾರೂ ಹಾಗೆ ಕರೆದಿರಲಿಲ್ಲ.

ನಮ್ಮತ್ತೆ ದ್ಯಾಮಕ್ಕ ಒಬ್ಬಳೇ ನಗಲಿಲ್ಲ. ಮೊಬೈಲನ್ನು ಕಿವಿಗೆ ಹಿಡಿದು ಸ್ವಲ್ಪ ಕೇಳಿ ವಾಪಸು ಕೊಟ್ಟಳು. 'ತಾಯಿ ಹೆಣ ದಾರ್ಯಾಗ ಬಿಟ್ಟು ನಗ್ತಾರಲ್ಲೋ. ಈ ದನಿ ನಂಗ ಬ್ಯಾಡಪ್ಪ' ಎಂದಳು. ಮುದುಕಿಗೆ ಸಿನಿಮಾ ಏನು ತಿಳಿಯುತ್ತದೆ ಎಂದು ಇವರು ನಕ್ಕುಬಿಟ್ಟರು.

ಆ ಮೆಚ್ಚುಗೆಗಳ ನಡುವೆ ನಿನ್ನ ಮಾತು ಬಂತು. 'ಅಣ್ಣಾ, ಸಿನಿಮಾ ಚಲೋ ಐತಿ. ಆದ್ರ ನಿಮ್ಮ ದನಿ ನಾಟಕದ ದನಿ ಅಲ್ಲ. ನಮ್ಮಪ್ಪ ತೆಲಿಗಿಯಾಗ ಬಯಲಾಟದ ಭಾಗವತರಾಗಿದ್ರು. ಅವರ ದನಿನೂ ಹಿಂಗ ಆತು. ತಡ ಮಾಡಿದ್ವಿ, ಉಳೀಲಿಲ್ಲ. ಒಮ್ಮೆ ಗಂಟಲ ಡಾಕ್ಟ್ರಿಗೆ ತೋರಿಸ್ರಿ.' ಅದನ್ನು ಅವರು ನನಗೆ ಓದಿ ಹೇಳಲಿಲ್ಲ. ನಾನೇ ನೋಡಿದೆ, ಅವರು ನಿನಗೆ ಕೊಟ್ಟ ಉತ್ತರವನ್ನೂ ನೋಡಿದೆ. 'ತಂಗಿ, ಈ ದನಿ ನನ್ನ ಅನ್ನ. ಇದರ ಮ್ಯಾಲ ಕಣ್ಣು ಹಾಕಬ್ಯಾಡ.' ಅಷ್ಟು ಸಾಕಾಯಿತು ಮಂದಿಗೆ. ನಿನ್ನನ್ನು ಅಪಶಕುನದ ಮುದುಕಿ ಎಂದರು, ಹೊಟ್ಟೆಕಿಚ್ಚಿನವಳೆಂದರು, ಬೇರೆ ಚಾನೆಲ್ಲಿನವರು ಬಿಟ್ಟ ನಾಯಿ ಎಂದರು. ಸತ್ತ ನಿನ್ನ ಅಪ್ಪನನ್ನೂ ಬಿಡಲಿಲ್ಲ. ಬರೆಯಬಾರದ ಮಾತುಗಳು ಇನ್ನೂ ಇದ್ದವು. ಅಷ್ಟು ಕೆಸರಿನ ಮೇಲೆ ಮರುದಿನ ನೀನು ಒಂದೇ ಸಾಲು ಬರೆದಿದ್ದೆ: 'ಬೈಯ್ರಿ ಅಣ್ಣಾ, ಪರವಾಗಿಲ್ಲ. ಆದ್ರ ತೋರಿಸ್ರಿ.'

ಆ ಸಾಲು ಹಿಡಿದುಕೊಂಡು ನಾನು ಅವರೊಡನೆ ಜಗಳಕ್ಕೆ ನಿಂತೆ. 'ಆಕಿ ಹೇಳಿದ್ರಾಗ ಏನ್ ತಪ್ಪೈತ್ರಿ? ದಾವಣಗೆರಿಗೆ ಹೋಗಿ ಬರೋಣ ನಡೀರಿ' ಎಂದೆ. ಅವರು ಮೊದಲು ಸಿಟ್ಟಾದರು, ಆಮೇಲೆ ಗೋಡೆಗೆ ಒರಗಿ ಕುಳಿತು ಹೇಳಿದ ಮಾತು ನನ್ನ ಎದೆಯಿಂದ ಇವತ್ತಿಗೂ ಹೋಗಿಲ್ಲ. 'ದನಿ ಸರಿ ಆದ್ರ ಯಾರ್ ಕೇಳ್ತಾರ ಪಾಲಿ? ಅಷ್ಟು ವರ್ಷ ಚಲೋ ದನ್ಯಾಗ ಒದರೀನಿ. ಒಬ್ಬನರ ನನ್ನ ಹೆಸರು ಕೇಳ್ಯಾನೇನು?'

ಅವರಿಗೆ ರೋಗದ ಭಯ ಇರಲಿಲ್ಲ ಸಮತಾ, ವಾಸಿಯಾದೀತೆಂಬ ಭಯ ಇತ್ತು. ಇದನ್ನು ನಾನು ಯಾರಿಗೆ ಹೇಳಲಿ? ಡಾಕ್ಟರಿಗೆ ಹೇಳಿದರೂ ನಂಬುತ್ತಿರಲಿಲ್ಲ.

ಜನ ಬಾಸಪ್ಪನ ದನಿ ಇನ್ನೂ ಬೇಕೆಂದರು. ಕಳ್ಳನ ಕಥೆಗೂ ಅದೇ ದನಿ, ದೆವ್ವದ ಕಥೆಗೂ ಅದೇ. ಬೇಸಿಗೆ ಕಳೆದು ಮಳೆ ಬಿತ್ತು. ರೊಟ್ಟಿ ಇಳಿಯದಾಯಿತು, ಹಾಲಿನಲ್ಲಿ ನೆನೆಸಿ ತಿಂದರು. ನೋವು ಕಿವಿಗೆ ಏರಿತು, ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮಫ್ಲರ್ ಸುತ್ತಿಕೊಂಡರು. ಅತ್ತೆಯಿಂದ ಹೇಳಿಸಿದೆ, ನಮ್ಮಪ್ಪನನ್ನು ಕರೆಸಿಯೂ ಹೇಳಿಸಿದೆ. 'ಇದೊಂದು ಮುಗೀಲಿ' ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕಥೆ ಹೇಳುತ್ತಲೇ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಒಳಗೆ ಹೋಗಿ ನೋಡಿದರೆ ಕೌದಿಯ ಮೇಲೆ ರಕ್ತ. ಆವತ್ತು ಅವರೇ ಚಪ್ಪಲಿ ಮೆಟ್ಟಿಕೊಂಡು ನಡಿ ಎಂದರು.

ದಾವಣಗೆರೆಯ ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಟಕ್ಕೆ ದಾರಿ ಕೊಡುತ್ತೇವೆ, ಮಾತು ಬರುವುದಿಲ್ಲ, ಅಷ್ಟಾದರೂ ಪೂರ್ತಿ ಭರವಸೆ ಕೊಡಲಾರೆ ಎಂದರು. ಆಪರೇಷನ್ನಿನ ದಿನ ಬೆಳಿಗ್ಗೆ ಪಕ್ಕದ ಮಂಚದ ರೋಗಿಯ ಮಗ, ಅರುಣ್ ಕುಮಾರ್ ಎಂಬ ಹುಡುಗ, ಇವರ ದನಿ ಕೇಳಿ ಓಡಿ ಬಂದ. 'ಸಾರ್, ನೀವು ಬಾಸಪ್ಪ ಅಲ್ವಾ? ಆ ಡೈಲಾಗ್ ಒಂದ್ಸಲ ಹೇಳಿ ಸಾರ್.' ನಾನು ಬೇಡವೆನ್ನುವಷ್ಟರಲ್ಲಿ ಇವರು ದಿಂಬಿಗೆ ಒರಗಿ ಎದ್ದು ಕುಳಿತು ಹೇಳಿಯೇಬಿಟ್ಟರು, ಅವ್ವನ ಹೆಣ ಕೇಳುವ ಆ ಮಾತನ್ನು. ವಾರ್ಡಿನ ತುಂಬ ನಗು. ನೋವಿನವರೂ ನಕ್ಕರು. ಅತ್ತೆ ದ್ಯಾಮಕ್ಕ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಗಾಲಿಮಂಚ ಬಂತು. ಕಡೆಯ ಮಾತು ಏನಾಡುತ್ತಾರೋ ಎಂದು ಅವರ ಕೈ ಹಿಡಿದು ಜೊತೆಗೆ ನಡೆದೆ. ಒಳಬಾಗಿಲ ಬಳಿ ನನ್ನತ್ತ ತಿರುಗಿ, 'ನಿಂದು ಊಟ ಆತಾ?' ಎಂದರು. ಇಲ್ಲವೆಂದು ತಲೆ ಆಡಿಸಿದೆ. ಬಾಗಿಲು ಮುಚ್ಚಿತು.

ಆಮೇಲಿನ ದಿನಗಳನ್ನು ನೀನು ನಿಮ್ಮಪ್ಪನಲ್ಲಿ ಕಂಡಿರಬಹುದು, ನಾನು ಹೆಚ್ಚು ಬರೆಯುವುದಿಲ್ಲ. ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಕುತ್ತಿಗೆಯ ರಂಧ್ರಕ್ಕೆ ತೆಳ್ಳನೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು.

ಡ್ರೆಸ್ಸಿಂಗಿಗೆಂದು ಹೋಗಿ ಬರುವಾಗ ಒಮ್ಮೆ ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ನಾನು ನೀರಿನ ಬಾಟಲಿ ತರಲು ಹೋದೆ. ಕಟ್ಟೆಯ ಮೇಲೆ ಕಾಲೇಜು ಹುಡುಗರು ಕುಳಿತಿದ್ದರು, ಅವರ ಮೊಬೈಲಿನಿಂದ ಬಾಸಪ್ಪನ ಮಾತು ಮತ್ತೆ ಮತ್ತೆ ಕೇಳುತ್ತಿತ್ತು. ಆ ಮಾತಿಗೆ ತಾವು ತುಟಿ ಆಡಿಸಿ ರೀಲ್ಸ್ ಮಾಡುತ್ತಿದ್ದರು. ಇವರು ನಿಧಾನಕ್ಕೆ ಅವರ ಹತ್ತಿರ ಹೋದರು. ಮೊಬೈಲನ್ನು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಕುತ್ತಿಗೆಯ ಬಟ್ಟೆ ಮುಟ್ಟಿಕೊಂಡು ಏನೋ ಹೇಳಹೊರಟರು. ನಾನು ದೂರದಿಂದ ನೋಡುತ್ತಿದ್ದೆ. ಹುಡುಗರ ನಗು ನಿಂತಿತು. ಅವರಲ್ಲೊಬ್ಬ, ಕೆಟ್ಟವನಲ್ಲ, ಮುಖದಲ್ಲಿ ಕನಿಕರವಿತ್ತು, ಜೇಬಿಗೆ ಕೈ ಹಾಕಿ ಹತ್ತರ ನೋಟೊಂದನ್ನು ಇವರ ಅಂಗೈಯಲ್ಲಿ ಇಟ್ಟ. ನಾನು ಓಡಿದೆ. 'ಅದು ಇವರ ದನಿ ಕಣ್ರೋ' ಎಂದು ಕೂಗಬೇಕೆಂದು ಬಾಯಿ ತೆರೆದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಗಟ್ಟಿಯಾಗಿ ಅವರು ನನ್ನನ್ನು ಎಂದೂ ಹಿಡಿದಿರಲಿಲ್ಲ. ಆ ನೋಟನ್ನು ಹುಡುಗನ ಪಕ್ಕ ಕಟ್ಟೆಯ ಮೇಲೆ ಇಟ್ಟು, ಅವನ ತಲೆ ಸವರಿ, ಬಸ್ಸಿನ ಕಡೆ ನಡೆದರು.

ಮನೆಗೆ ಬಂದು ಆ ಸಿನಿಮಾದ ಕೆಳಗಿನ ಅಭಿಪ್ರಾಯಗಳನ್ನು ಮೊದಲಿನಿಂದ ಓದತೊಡಗಿದರು. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯುವ ಮುಂಚೆ ಚಪ್ಪಾಳೆ ತಟ್ಟಿ ನನ್ನನ್ನು ಕರೆದು ಮೊಬೈಲು ಮುಂದೆ ಹಿಡಿದರು. ನಿನ್ನ ಮಾತನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದರು. ಕೆಳಗೆ ನಿನಗೊಂದು ಉತ್ತರ ಬರೆಯಲು ನೋಡಿ, ಬರೆದು ಅಳಿಸಿ, ಬರೆದು ಅಳಿಸಿ, ಕಡೆಗೆ ನನ್ನ ಮೊಬೈಲಿಗೆ ಕಳಿಸಿದರು: 'ಇದು ಬರೆಯೋ ಮಾತಲ್ಲ. ಈಕಿ ಮನಿಗೆ ಹೋಗಬೇಕು.'

ಹೊರಟೆವು ಸಮತಾ. ಒಂದು ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವ ಮುನ್ನ ಬಟ್ಟೆ ಅಂಗಡಿಯೊಂದಕ್ಕೆ ಕರೆದೊಯ್ದು, ತಂಗಿಯ ಮನೆಗೆ ಬರಿಗೈಲಿ ಹೋಗಬಾರದೆಂದು ಸನ್ನೆ ಮಾಡಿದರು. ಅಂಗಡಿಯವರು ಹರವಿದ್ದನ್ನೆಲ್ಲ ಬೇಡ ಬೇಡವೆಂದು ಸರಿಸಿ, ಮೇಲಿನ ಸಾಲಿನಲ್ಲಿದ್ದ ಒಂದು ಇಳಕಲ್ ಸೀರೆಯನ್ನು ಬೆರಳಿನಿಂದ ತೋರಿಸಿ ತೆಗೆಸಿದರು. ಹರಪನಹಳ್ಳಿ ತಲುಪುವಷ್ಟರಲ್ಲಿ ರಸ್ತೆಯ ಧೂಳಿಗೆ ಉಸಿರಿನ ದಾರಿಯಲ್ಲಿ ಕಫ ಕಟ್ಟಿತು. ಮುಖ ನೀಲಿಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಇದ್ದವರೇ ಎತ್ತಿ ಆಟೋಕ್ಕೆ ಹಾಕಿ ಆಸ್ಪತ್ರೆಗೆ ಸಾಗಿಸಿದರು. ಜೀವ ಮರಳಿತು. ಆದರೆ ಮುಂದೆ ಹೋಗಬೇಡಿ, ಎದೆಯೂ ಸರಿಯಿಲ್ಲ, ವಾಪಸು ದಾವಣಗೆರೆಗೇ ಹೋಗಿ ಎಂದರು. ದಾವಣಗೆರೆಯ ಬಸ್ಸಿಗೆ ಕಾಯುತ್ತ ಕುಳಿತಾಗ ಎದುರಿಗೇ ನಿಮ್ಮೂರಿನ ಬಸ್ಸು ನಿಂತಿತ್ತು. 'ತೆಲಿಗಿ, ತೆಲಿಗಿ' ಎಂದು ಕಂಡಕ್ಟರ್ ಕೂಗುತ್ತಿದ್ದ. ಅದು ತಿರುವು ದಾಟಿ ಮರೆಯಾಗುವವರೆಗೂ ಇವರು ನೋಡುತ್ತಲೇ ಇದ್ದರು.

ಕಾಯಿಲೆ ಪುಪ್ಪುಸಕ್ಕೆ ಇಳಿದಿತ್ತು. ಯುಗಾದಿಗೆ ಮೊದಲೇ ಹೋಗಿಬಿಟ್ಟರು. ಮನೆಯಲ್ಲೇ, ತಮ್ಮ ಅವ್ವನ ತೊಡೆಯ ಮೇಲೆ. ಸದ್ದಿಲ್ಲದೆ ಹೋದರು ಎಂದು ಬಂದವರೆಲ್ಲ ಹೇಳಿದರು. ಅವರಿಗೇನು ಗೊತ್ತು.

ಈ ಪತ್ರದ ಜೊತೆ ಆ ಸೀರೆ ಇದೆ; ತೆಲಿಗಿಯ ಬಯಲಾಟದ ಭಾಗವತರ ಮಗಳು ಎಂದಷ್ಟೇ ವಿಳಾಸ ಬರೆದಿದ್ದೇನೆ. ಬೈದ ಬಾಯಿ ನಿನ್ನ ಮುಂದೆ ನಿಂತು ಕ್ಷಮೆ ಕೇಳಲಾಗಲಿಲ್ಲ. ಕೇಳಬೇಕೆಂದು ಅರ್ಧ ದಾರಿ ಬಂದಿತ್ತು, ಅಷ್ಟನ್ನು ನೀನು ತಿಳಿದಿರಬೇಕು. ಸೂತಕದ ಮನೆಯಿಂದ ಬಂದದ್ದೆಂದು ಹಿಂಜರಿಯಬೇಡ, ಅವರು ಕೊಂಡಾಗ ಜೀವಂತ ಇದ್ದರು. ಅಣ್ಣ ಕೊಟ್ಟ ತವರಿನ ಸೀರೆ ಎಂದು ಉಟ್ಟುಕೋ. ಕೂಡ್ಲಿಗಿಯಲ್ಲಿ ನಿನಗೊಂದು ಮನೆ ಇದೆ. ದ್ಯಾಮಕ್ಕ ನಿನ್ನ ಹೆಸರನ್ನು ನನ್ನಿಂದ ಕೇಳಿ ಕಲಿತಿದ್ದಾಳೆ.

ಇನ್ನು ಮುಂದೆ ನೀನು ಯಾರಿಗೆ ಬುದ್ಧಿ ಹೇಳಿದರೂ ಅವರಿಗೆ ಆ ಹೊತ್ತಿಗೇ ಕಿವಿ ತೆರೆಯಲಿ ತಂಗಿ. ನೀನು ನೂರು ಕಾಲ ಬಾಳು.

ಹುಲುಗೇಶನ ಹೆಂಡತಿ, ನಿನ್ನ ಅತ್ತಿಗೆ,
ಪಾಲಮ್ಮ